ಮೂರು ಗೀರಿನ ಬಿಲ್ಲೆ

ರೋಷನ್‌ಗೆ ಟೆಲಿಫೋನಿನ ಎಲ್ಲ ದನಿಗಳೂ ಬರುತ್ತಿದ್ದವು. ಹಳೆಯ ಕಪ್ಪು ಫೋನಿನ ಡಯಲು ಕರ್ರೆಂದು ಹಿಂದಕ್ಕೆ ತಿರುಗುವುದು, ಟ್ರಂಕ್ ಕಾಲ್ ಕೂಡಿಸಿಕೊಡುವ ಹೆಂಗಸು ಮೂಗಿನಿಂದಲೇ 'ಮಾತಾಡಿ, ಮಾತಾಡಿ' ಅನ್ನುವುದು, ಗಲ್ಫಿನಿಂದ ಫೋನು ಮಾಡಿದವರು ಲೈನು ಸರಿಯಿದ್ದರೂ ಕಿರಿಚುವುದು, ಎಲ್ಲವನ್ನೂ ಅವನು ಒಂದೇ ಬಾಯಲ್ಲಿ ತೆಗೆಯುತ್ತಿದ್ದ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿ ತಡವಾದರೆ ನೆಂಟರು ಅವನನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ಅವನು ಕೈಯನ್ನು ಕಿವಿಗೆ ಹಿಡಿದು, "ಈ ಪಂಕ್ತಿಯ ಎಲ್ಲಾ ಎಲೆಗಳು ಕಾರ್ಯನಿರತವಾಗಿವೆ, ದಯವಿಟ್ಟು ಹಸಿದುಕೊಂಡೇ ಇರಿ" ಎನ್ನುತ್ತಿದ್ದ. ಹಸಿದವರೂ ನಗುತ್ತಿದ್ದರು.

ಹೊಟ್ಟೆಪಾಡಿಗೆ ಅವನು ವಿಮೆಯ ಸರ್ವೇಯರು. ಮಂಗಳೂರಿನ ಕದ್ರಿಯಲ್ಲಿ ಆಫೀಸು, ಆಫೀಸಿನಲ್ಲಿ ಕೂರುವುದಕ್ಕಿಂತ ಗ್ಯಾರೇಜುಗಳಲ್ಲಿ ಕುಕ್ಕರುಗಾಲಲ್ಲಿ ಕೂರುವುದೇ ಹೆಚ್ಚು. ಜಖಂ ಆದ ಕಾರಿನ ಮಗ್ಗುಲಿಗೆ ಬೆರಳು ಸವರಿ, "ಇದು ಈಗಿನ ಗಾಯ, ಇದು ಕಳೆದ ವರ್ಷದ್ದು" ಎಂದು ಹೇಳಿಬಿಡುತ್ತಿದ್ದ. ಕಾರಿನ ಯಜಮಾನ ಅವನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದ. ಹೀಗೆ ಜನ ತನ್ನ ಮುಖ ನೋಡುತ್ತ ನಿಲ್ಲುವುದು ಇಪ್ಪತ್ತು ವರ್ಷದಲ್ಲಿ ಅವನಿಗೆ ರೂಢಿಯಾಗಿಹೋಗಿತ್ತು. ಬೇಗ ಹೇಳಿದಷ್ಟೂ ಗಟ್ಟಿಗನೆನಿಸಿಕೊಳ್ಳುವ ಕೆಲಸ ಅದು.

ಹವ್ಯಾಸ ಮಾತ್ರ ಯಾರಿಗೂ ಅರ್ಥವಾಗುವಂಥದಲ್ಲ. ಅವನು ಫ್ರಾನ್ಸಿನ ಹಳೆಯ ಸಾರ್ವಜನಿಕ ಟೆಲಿಫೋನಿನ ಬಿಲ್ಲೆಗಳನ್ನು ಕೂಡಿಡುತ್ತಿದ್ದ. ಅಲ್ಲಿಯ ಕಾಫಿ ಅಂಗಡಿಗಳಲ್ಲಿ ಹಿಂದೆ ಫೋನು ಮಾಡಬೇಕಾದರೆ ಬರೀ ನಾಣ್ಯ ನಡೆಯುತ್ತಿರಲಿಲ್ಲ. ಗಲ್ಲಾದಲ್ಲಿ ಕೂತವನ ಹತ್ತಿರ ಒಂದು ಬಿಲ್ಲೆ ತೆಗೆದುಕೊಂಡು, ಹಿತ್ತಲಿನ ಕಡೆ ಪಾಯಖಾನೆಯ ಪಕ್ಕದಲ್ಲಿದ್ದ ಗೂಡಿಗೆ ಹೋಗಿ, ಯಂತ್ರಕ್ಕೆ ಹಾಕಿ ಮಾತಾಡಬೇಕು. ಬಿಲ್ಲೆಯ ಒಂದು ಮುಖಕ್ಕೆ ಒಂದು ಗೀರು, ಇನ್ನೊಂದು ಮುಖಕ್ಕೆ ಎರಡು. ಯಂತ್ರದೊಳಗಿನ ಹಳಿಯಲ್ಲಿ ಆ ಗೀರು ಕೂತರೆ ಸರಿ, ಇಲ್ಲವಾದರೆ ಉಗುಳಿಬಿಡುತ್ತದೆ. ಹಳದಿ ಲೋಹದವು ಸಾಮಾನ್ಯ. ಹೆಚ್ಚಿನವುಗಳ ಮೇಲೆ ಸಾವಿರದೊಂಬೈನೂರ ಮೂವತ್ತೇಳು ಎಂಬ ಇಸವಿ. ಯುದ್ಧದ ಕಾಲದಲ್ಲಿ ಸತುವಿನಲ್ಲಿ ಮಾಡಿದ ಬೂದುಬಣ್ಣದವು ಸ್ವಲ್ಪ ಅಪರೂಪ. ರೋಷನ್ ಅವನ್ನು ಅಯಸ್ಕಾಂತಕ್ಕೆ ಹಿಡಿದು, ಸಣ್ಣ ತಕ್ಕಡಿಯಲ್ಲಿ ತೂಗಿ, ಕೊನೆಗೆ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದ. ಆ ಸದ್ದನ್ನೂ ಬಾಯಲ್ಲಿ ತೆಗೆಯುತ್ತಿದ್ದ. ಹಳದಿಯದಕ್ಕೆ ಬೇರೆ, ಸತುವಿನದಕ್ಕೆ ಬೇರೆ.

ಮಂಗಳೂರಿನಲ್ಲಿ ಇವು ಎಲ್ಲಿ ಸಿಗಬೇಕು ಎಂದರೆ, ಹಡಗಿನವರ ಪೆಟ್ಟಿಗೆಗಳಲ್ಲಿ. ಈ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಬ್ಬ ಅಜ್ಜನೋ ಮಾವನೋ ಹಡಗಿನಲ್ಲಿ ದುಡಿದವರು. ಅವರು ಸತ್ತ ಮೇಲೆ ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತದೆ. ಅಟ್ಟದಿಂದ ಬಂದರಿನ ಬಳಿ ಹಳೆ ಸಾಮಾನಿನ ಅಂಗಡಿ ಇಟ್ಟ ಶೆರ್ವಿನ್‌ನಲ್ಲಿಗೆ ಹೋಗುತ್ತದೆ. ಶೆರ್ವಿನ್ ರೋಷನ್‌ಗೆ ಫೋನು ಮಾಡುತ್ತಾನೆ.

ಈ ಸಲ ಶೆರ್ವಿನ್ ಹೇಳಿದ್ದು ಬೇರೆ ಥರದ ಸುದ್ದಿ.

"ಉಳ್ಳಾಲದಲ್ಲಿ ಒಂದು ಹೆಂಗಸು ಉಂಟು ಮಾರಾಯ, ದೇಯಿ ಅಂತ. ಅವರ ಹತ್ತಿರ ಗೀರು ಹಾಕಿದ ಪಾವಲಿ ಉಂಟಂತೆ. ಮಾರುವುದಕ್ಕಲ್ಲ. ಎಂತದ್ದು ಅಂತ ಹೇಳಲಿಕ್ಕೆ ಜನ ಹುಡುಕ್ತಾ ಇದ್ದಾರೆ."

"ಮಾರುವುದಿಲ್ಲವಾದರೆ ನಾನು ಎಂತಕ್ಕೆ?"

"ನೋಡ್ಲಿಕ್ಕೆ ಹೋಗು. ನೀನು ನೋಡಿದ ಸಾಮಾನು ಯಾವುದು ಯಜಮಾನನ ಹತ್ತಿರವೇ ಉಳಿದದ್ದುಂಟು?"

ರೋಷನ್ ನಕ್ಕ. ಮಳೆಗಾಲದ ನಡುವಿನ ಆಟಿ ತಿಂಗಳು ಹಿಡಿದಿತ್ತು. ನೇತ್ರಾವತಿಯ ಸೇತುವೆ ದಾಟುವಾಗ ನದಿ ಯಾವುದು, ಆಕಾಶ ಯಾವುದು ಎಂದು ತಿಳಿಯದ ಹಾಗೆ ಎರಡೂ ಒಂದೇ ಕೆಸರು ಬಣ್ಣಕ್ಕೆ ತಿರುಗಿದ್ದವು. ಉಳ್ಳಾಲದಲ್ಲಿ ಕಡಲು ಕೊರೆಯದಿರಲೆಂದು ಸುರಿದ ಕಲ್ಲುಗಳ ಹಿಂದೆ ಆ ಮನೆ. ಗಾಳಿಗೆ ಉಪ್ಪು, ಮೀನು, ಒದ್ದೆ ಸೌದೆ ಎಲ್ಲ ಸೇರಿದ ವಾಸನೆ.

ಗೇಟು ತೆರೆದದ್ದು ಮಗಳು ಭವ್ಯಶ್ರೀ. ತೊಕ್ಕೊಟ್ಟಿನ ಒಂದು ಸಹಕಾರಿ ಸಂಘದಲ್ಲಿ ಕೆಲಸ, ನಲವತ್ತು ದಾಟಿದ ಹೆಂಗಸು. ದೇಯಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಬೀಡಿ ಕಟ್ಟಿ ಕಟ್ಟಿ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಕೊರಳಲ್ಲಿ ಕರಿಮಣಿ ಇತ್ತು.

"ನೀನಾ ಮಗಾ ಫೋನಿನವನು? ಕೂತ್ಕೋ. ಎಲ್ಲ ದನಿ ತೆಗೀತಿ ಅಂತೆ?"

ರೋಷನ್ ಮೂಗು ಹಿಡಿದು ಟ್ರಂಕ್ ಕಾಲಿನ ಹೆಂಗಸಾದ. "ಉಳ್ಳಾಲ, ಉಳ್ಳಾಲ, ಲೈನಿನಲ್ಲಿ ಇದ್ದೀರಾ? ಮಾತಾಡಿ, ಮಾತಾಡಿ."

ದೇಯಿ ನಕ್ಕರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೀಗೇ. ಹೀಗೇ ಮಾತಾಡ್ತಿದ್ದಳು ಅವಳು. ನನಗೆ ಅಲ್ಲ, ಬಶೀರ್ ಸಾಹೇಬರಿಗೆ. ನನಗೆ ಯಾರೂ ಫೋನ್ ಮಾಡಲೇ ಇಲ್ಲ."

ಅಲ್ಲಿಂದ ಕತೆ ಶುರುವಾಯಿತು. ದೇಯಿಯ ಗಂಡ ಮೋಹನದಾಸ್ ಸರಕು ಹಡಗಿನಲ್ಲಿ ಅಡುಗೆಯವರು. ಎಪ್ಪತ್ತೆಂಟರಲ್ಲಿ ಹಡಗು ಹತ್ತುವಾಗ ದೇಯಿ ಬಸುರಿ. "ಮಾರ್ಸೇಲು ಮುಟ್ಟಿದ ಕೂಡಲೇ ಬಶೀರ್ ಸಾಹೇಬರ ಮಂಡಿಗೆ ಫೋನ್ ಮಾಡ್ತೇನೆ" ಎಂದು ಹೇಳಿ ಹೋಗಿದ್ದರು. ಉಳ್ಳಾಲದ ಆ ಓಣಿಯಲ್ಲಿ ಫೋನಿದ್ದದ್ದು ಬಶೀರರ ಮೀನಿನ ಮಂಡಿಯಲ್ಲಿ ಮಾತ್ರ. ಹಡಗು ಫ್ರಾನ್ಸಿನ ಮಾರ್ಸೇಲು ಬಂದರಿಗೆ ಮುಟ್ಟುವ ವಾರ ದೇಯಿ ಮಂಡಿಯ ಮೂಲೆಯಲ್ಲಿ ಹೋಗಿ ಕೂತರು. ಬಶೀರರು ಒಂದು ಸ್ಟೂಲು ಹಾಕಿಸಿಕೊಟ್ಟರು. ಆ ವಾರ ಹೋಯಿತು, ತಿಂಗಳು ಹೋಯಿತು, ಸ್ಟೂಲು ಅಲ್ಲೇ ಉಳಿಯಿತು. ಕೊನೆಗೆ ಬಂದದ್ದು ಪೆಟ್ಟಿಗೆ. ಕಾಟಿಪಳ್ಳದ ಕಡೆಯ ಒಬ್ಬ ಜೊತೆಗಾರ ಹೊತ್ತು ತಂದುಕೊಟ್ಟ. ಮಾರ್ಸೇಲಿನಲ್ಲಿ ದಡಕ್ಕೆ ಇಳಿದು ಹೋದ ಮೋಹನದಾಸ್ ತಿರುಗಿ ಹಡಗಿಗೆ ಬರಲಿಲ್ಲವಂತೆ. ಹುಡುಕಿದರಂತೆ. ಹಡಗು ಎಷ್ಟು ದಿನ ಕಾಯುತ್ತದೆ, ಹೊರಟುಬಿಟ್ಟಿತಂತೆ. ಪೆಟ್ಟಿಗೆಯೊಳಗೆ ಮಡಚಿಟ್ಟ ಅಂಗಿಯ ಜೇಬಿನಲ್ಲಿ ಈ ಬಿಲ್ಲೆ ಇತ್ತು. ಕಾಣೆಯಾದ ಹಿಂದಿನ ದಿನ ಹಾಕಿ ಬಿಚ್ಚಿಟ್ಟ ಅಂಗಿ ಅದು.

"ಓಣಿಯವರು ಎಂತ ಹೇಳಿದ್ರು ಗೊತ್ತುಂಟಾ? ಮಾರ್ಸೇಲಿನಲ್ಲಿ ಮೋಹನದಾಸನೂ ಸೇಲ್ ಆದ ಅಂತ. ಒಂದು ಮೇಡಮ್ಮಿಗೆ." ದೇಯಿ ಗೋಡೆಗೆ ಒರಗಿದರು. "ಆ ಜೊತೆಗಾರ ಕೂಡ ಹಲ್ಲು ಕಿರಿದ. ಪ್ರತಿ ಸಲ ಅದೇ ಕಾಫಿ ಅಂಗಡಿಗೆ ಹೋಗ್ತಿದ್ದ, ಎಂತಕ್ಕೋ ಏನೋ ಅಂದ. ನಾನು ಈ ಪಾವಲಿ ತೋರಿಸಿದೆ. ಫೋನಿನ ಪಾವಲಿ ಇದು, ಅಲ್ಲಿಯದ್ದು ಅಂತ ಅವನೇ ಹೇಳಿದ. ಹಾಗಾದರೆ ನನಗೆ ಫೋನ್ ಮಾಡಲಿಕ್ಕೆ ತೆಗೊಂಡದ್ದು ಅಲ್ವಾ? ಮಾಡುವ ಮೊದಲು ಎಂತದ್ದೋ ಆಗಿದೆ ಅಲ್ವಾ? ಅಷ್ಟೇ ನನ್ನ ಹತ್ತಿರ ಇದ್ದದ್ದು."

ಭವ್ಯಶ್ರೀ ಚಹಾ ತಂದಿಟ್ಟಳು. ಉಳಿದದ್ದನ್ನು ಅವಳೇ ಹೇಳಿದಳು. ತನ್ನ ಮಗಳು ಮೋಕ್ಷಾಳ ಮದುವೆಯ ಸಂಬಂಧ ಎರಡು ಸಲ ಮಾತಿನವರೆಗೆ ಬಂದು ತಪ್ಪಿತ್ತು. ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿದಾಗ, ಈ ಮನೆಯ ಒಬ್ಬ ಗಂಡಸು ಸತ್ತು ಅಂಗಳದಲ್ಲೇ ನಿಂತಿದ್ದಾನೆ, ಒಳಗೆ ಕರೆದಿಲ್ಲ ಎಂದು ಕಂಡಿತು. ಸತ್ತವರನ್ನು ದೀಪ ಹಿಡಿದು ಅಂಗಳದಿಂದ ಒಳಗೆ ಕರೆದು, ಹಿರಿಯರ ಸಾಲಿನಲ್ಲಿ ಅವರಿಗೂ ಒಂದು ಎಲೆ ಹಾಕಿ ಬಡಿಸುವುದು ತುಳುವರ ಮನೆಗಳ ಪದ್ಧತಿ. 'ಉಲಾಯಿ ಲೆಪ್ಪುನಿ' ಎನ್ನುತ್ತಾರೆ. ಕರೆಯುವವರೆಗೆ ಸತ್ತವರು ಮನೆಯವರಲ್ಲ, ಹೊರಗಿನವರು. ದೇಹ ಸಿಗದವರಿಗೆ ಅವರ ಕೈ ಮುಟ್ಟಿದ ಒಂದು ವಸ್ತುವನ್ನು ಮಣೆಯ ಮೇಲಿಟ್ಟು ಕರೆಯುತ್ತಾರೆ, ಆಮೇಲೆ ಅದನ್ನು ಕಡಲಿಗೆ ಬಿಡುತ್ತಾರೆ.

"ಇದೇ ಆಟಿ ಅಮಾವಾಸ್ಯೆಗೆ ಮಾಡುವ ಅಂತ ನಾನು. ಅಮ್ಮ ಒಪ್ಪುದಿಲ್ಲ" ಎಂದಳು ಭವ್ಯಶ್ರೀ.

"ಒಪ್ಪುದಿಲ್ಲ ಅಂತ ಎಲ್ಲಿ ಹೇಳಿದೆ?" ದೇಯಿ ಎದ್ದು ಕೂತರು. "ಕೇಳು ಮಗಾ. ಇಷ್ಟು ವರ್ಷ ನಾನು ಅವರು ಸತ್ತರು ಅಂತಲೂ ಹೇಳಲಿಲ್ಲ, ಓಡಿಹೋದರು ಅಂತಲೂ ಹೇಳಲಿಲ್ಲ. ಈಗ ಎಂಬತ್ತು ಆಗಿರ್ಬೇಕು, ಸತ್ತೇ ಇರಬೇಕು. ಸತ್ತವರನ್ನು ಕರೀಬೇಕು, ಸರಿ. ಆದರೆ ಯಾರನ್ನು? ನನಗೆ ಫೋನ್ ಮಾಡಲಿಕ್ಕೆ ಹೋಗಿ ಸತ್ತವರಾದರೆ ನನ್ನ ಗಂಡ. ಎಲೆ ಹಾಕ್ತೇನೆ, ಬಾಯಿತುಂಬ ಕರೀತೇನೆ, ಈ ಕರಿಮಣಿ ತೆಗೆದು ಅವರೊಟ್ಟಿಗೇ ಕಡಲಿಗೆ ಬಿಡ್ತೇನೆ. ಬೇರೆ ಮನೆ ಮಾಡಿಕೊಂಡು ಅಲ್ಲಿ ಉಂಡು ಸತ್ತವರಾದರೆ ಅಲ್ಲಿಯವರೇ ಕರೀಲಿ. ನೀನು ಈ ಪಾವಲಿ ಬಲ್ಲವನು. ಇದರಲ್ಲಿ ನನಗೆ ಫೋನ್ ಮಾಡಲಿಕ್ಕೆ ಆಗ್ತಿತ್ತಾ? ಅಷ್ಟು ಹೇಳು. ಆಗ್ತಿತ್ತಾದರೆ ಅದು ಕಡಲಿಗೆ. ಅಲ್ಲವಾದರೆ ನೀನೇ ಇಟ್ಕೋ."

ಅವರು ಸೊಂಟದ ಚೀಲ ಬಿಚ್ಚಿ ಬಿಲ್ಲೆಯನ್ನು ಅವನ ಅಂಗೈಗೆ ಹಾಕಿದರು. ಎಣ್ಣೆ ಕೈಯಲ್ಲಿ ಒರೆಸಿ ಒರೆಸಿ ಅದು ಅರಿಶಿನದ ತುಂಡಿನಂತೆ ಹೊಳೆಯುತ್ತಿತ್ತು. ಒಂದು ಮುಖಕ್ಕೆ ಒಂದು ಗೀರು. ತಿರುಗಿಸಿದ. ಎರಡು ಗೀರು. ಆ ಎರಡು ಗೀರುಗಳ ನಡುವೆ, ಮುದ್ರಣದ ಅಕ್ಷರಗಳ ಮೇಲೆಯೇ, ಯಾರೋ ಸುತ್ತಿಗೆಯಿಂದ ಹೊಡೆದು ಇಳಿಸಿದ ಎರಡು ಸೊಟ್ಟ ಅಕ್ಷರ. ರೋಷನ್ ಮಸೂರ ತೆಗೆದ.

ಕಾಫಿ ಅಂಗಡಿಯವರು ಕೆಲವರು ತಮ್ಮ ಬಿಲ್ಲೆ ಬೇರೆ ಅಂಗಡಿಗೆ ಹೋಗದಿರಲೆಂದು ತಮ್ಮ ಹೆಸರಿನ ಅಕ್ಷರ ಹೊಡೆಯುತ್ತಿದ್ದರೆಂದು ಅವನು ಓದಿದ್ದ. ಚಿತ್ರದಲ್ಲಿ ಒಂದನ್ನು ನೋಡಿದ್ದ. ಅವನ ಗುರುತಿನವರಲ್ಲಿ ಯಾರ ಸಂಗ್ರಹದಲ್ಲೂ ಅಂಥದ್ದು ಇರಲಿಲ್ಲ. ಅದು ಈಗ ಉಳ್ಳಾಲದ ಒಂದು ಜಗಲಿಯಲ್ಲಿ ಅವನ ಅಂಗೈಯ ಬೆವರಿನಲ್ಲಿ ಬೆಚ್ಚಗೆ ಕೂತಿತ್ತು. ಅವನು ಹೌದೆಂದರೆ ಅಮಾವಾಸ್ಯೆಗೆ ಕಡಲಿಗೆ ಬೀಳುವುದಿತ್ತು.

ಮನುಷ್ಯನಿಗೆ ಸುಳ್ಳು ಹೇಳಿದರೆ ಲಾಭವಾಗುವ ಸಂದರ್ಭಗಳು ದಿನಕ್ಕೆ ಹತ್ತು ಬರುತ್ತವೆ. ಅವುಗಳನ್ನು ಎದುರಿಸಲು ರೋಷನ್ ಕಲಿತಿದ್ದ. ಗ್ಯಾರೇಜಿನವರು ಎಷ್ಟು ಬೆಣ್ಣೆ ಹಚ್ಚಿದರೂ ಹಳೆ ಗಾಯವನ್ನು ಹೊಸತೆಂದು ಬರೆದವನಲ್ಲ. ಆದರೆ ನಿಜ ಹೇಳಿದರೆ ಲಾಭವಾಗುವ ಸಂದರ್ಭ ಅವನಿಗೆ ಇದೇ ಮೊದಲು. ನಿಜ ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವನು ತಿಳಿದಿದ್ದ. ಬಿಲ್ಲೆಯ ಫೋನು ಊರೊಳಗಿನ ಮಾತಿಗೆ. ಸಂಗ್ರಹಕಾರರ ಪುಸ್ತಕದಲ್ಲಿ ಮೊದಲ ಪುಟದಲ್ಲೇ ಬರೆದಿತ್ತು.

ಅವನು ಬಿಲ್ಲೆಯನ್ನೇ ತಿರುಗಿಸುತ್ತಿದ್ದದ್ದು ನೋಡಿ ಭವ್ಯಶ್ರೀ ಮೆತ್ತಗೆ ಹೇಳಿದಳು. "ಅರ್ಜೆಂಟ್ ಎಂತ ಇಲ್ಲ. ಬೇಕಾದರೆ ಯಾರ ಹತ್ತಿರವಾದರೂ ಕೇಳಿ ಹೇಳಿ. ಅಮಾವಾಸ್ಯೆಗೆ ಇನ್ನೂ ದಿನ ಉಂಟು."

"ಕೇಳಲಿಕ್ಕೆ ಎಂತ ಉಂಟು ಭವ್ಯಕ್ಕ" ಎಂದ ರೋಷನ್. ಕಾರಿನ ಬಾಗಿಲು ಸವರಿ ಎದ್ದು ನಿಂತಾಗ ಬರುವ ದನಿಯೇ ಬಂತು. "ಇದು ಲೋಕಲ್ ಕಾಲಿನದ್ದು."

"ಲೋಕಲ್ ಅಂದರೆ?" ದೇಯಿ ಕೇಳಿದರು.

"ಅದೇ ಊರೊಳಗೆ ಮಾತ್ರ ದೇಯಕ್ಕ. ಮಾರ್ಸೇಲಿನಿಂದ ಮಾರ್ಸೇಲಿಗೆ."

"ಮಂಗಳೂರಿಗೆ ಆಗುದಿಲ್ವಾ?"

"ಇಲ್ಲ. ಇದರಲ್ಲಿ ಆಗುದಿಲ್ಲ."

"ಅಂದರೆ ಆ ಊರಿನಲ್ಲೇ ಇದ್ದವರಿಗೆ ಫೋನ್ ಮಾಡಲಿಕ್ಕೆ ತೆಗೊಂಡದ್ದು."

"ಹೌದು."

ಕಲ್ಲುಗಳ ಆಚೆ ಕಡಲು ಒಮ್ಮೆ ಬಡಿದು ಹಿಂದೆ ಸರಿಯಿತು. ದೇಯಿ ಬೆರಳಿನಿಂದ ಜಗಲಿಯ ಸಿಮೆಂಟನ್ನು ತಿಕ್ಕುತ್ತಿದ್ದರು, ಬೀಡಿ ಎಲೆಯ ಅಂಚು ಮಡಚಿದ ಹಾಗೆ. ರೋಷನ್ ತನಗೆ ಬರುವ ಒಂದೇ ಉಪಾಯ ಮಾಡಿದ. ಮೂಗು ಹಿಡಿದು, "ಈ ಮಾರ್ಗದ ಎಲ್ಲಾ ಸಾಲುಗಳು" ಎಂದು ಶುರುಮಾಡಿದ. ಯಾರೂ ತಲೆ ಎತ್ತಲಿಲ್ಲ. ಅರ್ಧಕ್ಕೇ ಬಾಯಿ ಮುಚ್ಚಿಕೊಂಡ.

"ಒಳ್ಳೇದಾಯ್ತು ನೀವು ಬಂದದ್ದು" ಎಂದರು ದೇಯಿ. ಮಗಾ ಎನ್ನುತ್ತಿದ್ದ ಬಾಯಿ ನೀವು ಎಂದದ್ದು ರೋಷನ್‌ಗೆ ತಕ್ಷಣ ಕೇಳಿಸಿತು. ದನಿಗಳ ವಿಷಯದಲ್ಲಿ ಅವನ ಕಿವಿ ಸೂಕ್ಷ್ಮ. "ತೆಗೊಂಡು ಹೋಗಿ. ನಿಮ್ಮ ಡಬ್ಬಿಗೆ ಹಾಕ್ಕೊಳ್ಳಿ."

"ಅಮ್ಮ" ಎಂದಳು ಭವ್ಯಶ್ರೀ.

"ನೀನು ಸುಮ್ನಿರು. ಈ ಮನೆಗೆ ಅವರನ್ನು ಕರೆಯುದಿಲ್ಲ. ಅಂಗಳದಲ್ಲಿ ನಿಂತದ್ದಾದರೆ ನಿಲ್ಲಲಿ. ನಾನು ಕೂಡ ಕೂತದ್ದೇ ಅಲ್ವಾ ಆ ಮಂಡಿಯಲ್ಲಿ, ಮೀನಿನ ನೀರಿನಲ್ಲಿ ಕಾಲಿಟ್ಟು."

ಸ್ಕೂಟರಿನಲ್ಲಿ ಸೇತುವೆ ದಾಟುವಾಗ ರೋಷನ್ ಎರಡು ಸಲ ಜೇಬು ಮುಟ್ಟಿ ನೋಡಿಕೊಂಡ. ನಾನು ಇದ್ದದ್ದನ್ನೇ ಹೇಳಿದೆ, ಹೇಳದೆ ಸುಳ್ಳು ಹೇಳಬೇಕಿತ್ತೇ ಎಂದು ತನ್ನನ್ನೇ ಕೇಳಿಕೊಂಡ. ಉತ್ತರವೂ ಅವನ ಪರವಾಗಿಯೇ ಬಂತು. ಆದರೂ ಕದ್ರಿಗೆ ಮುಟ್ಟುವಾಗ ಖುಷಿ ಎಂಬುದು ಒದ್ದೆ ಬೆಂಕಿಕಡ್ಡಿಯ ಹಾಗೆ, ಎಷ್ಟು ಗೀಚಿದರೂ ಹತ್ತಲಿಲ್ಲ.

ಆಟಿ ಅಮಾವಾಸ್ಯೆ ಬಂದು ಹೋಯಿತು. ಬಿಲ್ಲೆಗೆ ಅವನು ಆಲ್ಬಮ್ಮಿನಲ್ಲಿ ಒಂದು ಇಡೀ ಪುಟ ಕೊಟ್ಟ. ಫೋಟೋ ತೆಗೆದು, ಜಗತ್ತಿನಾದ್ಯಂತ ಇಂಥದೇ ಹುಚ್ಚಿನವರಿರುವ ವಾಟ್ಸಾಪ್ ಗುಂಪಿಗೆ ಹಾಕಿದ. ಹೊಗಳಿಕೆ ಸುರಿಯಿತು. ಎರಡು ದಿನ ಬಿಟ್ಟು ಫ್ರಾನ್ಸಿನ ನಾಂತ್ ಊರಿನ ಒಬ್ಬ ಹಲ್ಲಿನ ವೈದ್ಯರು ಬರೆದರು. ಇವನು ಕಾರಿನ ಡೆಂಟ್ ನೋಡುವವನು, ಅವರು ಡೆಂಟಿಸ್ಟು. ಇಬ್ಬರಿಗೂ ವರ್ಷಗಳಿಂದ ಚೆನ್ನಾಗಿ ಹೊಂದಿಕೆಯಾಗಿತ್ತು. ಅವರ ಸೋದರಮಾವನದೂ ಒಂದು ಬಂದರಿನ ಬಳಿಯ ಬಾರಂತೆ. ಹಡಗಿನವರು ಬಂದು ಇಂಥ ಬಿಲ್ಲೆ ಕೇಳುತ್ತಿದ್ದದ್ದು ತನಗೆ ನೆನಪಿದೆ ಎಂದು ಬರೆದಿದ್ದರು.

ರೋಷನ್ ಓದುತ್ತ ಎದ್ದು ನಿಂತ. ಬೆರಳು ತಡವರಿಸುತ್ತ ಕೇಳಿದ. ಊರೊಳಗಿನ ಮಾತಿಗೆ ಮಾತ್ರ ಅಲ್ಲವೇ ಬಿಲ್ಲೆ? ಹಡಗಿನವರು ಊರೊಳಗೆ ಯಾರಿಗೆ ಫೋನು ಮಾಡುತ್ತಿದ್ದರು?

ಉತ್ತರ ಸಾವಧಾನವಾಗಿ, ತುಂಡು ತುಂಡಾಗಿ ಬಂತು. ಊರೊಳಗಿನ ಮಾತಿಗೆ ಹೌದು. ಆದರೆ ಎಕ್ಸ್‌ಚೇಂಜಿನವಳನ್ನು ಹಿಡಿಯುವುದಕ್ಕೂ ಬಿಲ್ಲೆ ಬೇಕಿತ್ತು, ಕಡೇಪಕ್ಷ ಮಾವನ ಬಾರಿನ ಯಂತ್ರದಲ್ಲಿ. ದೂರದ ದೇಶಕ್ಕೆ ಮಾತಾಡುವವರು ಮೊದಲು ಬಿಲ್ಲೆ ಹಾಕಿ ಅವಳಿಗೆ ದೇಶ ಹೇಳಬೇಕು. ಅವಳು ಕೂಡಿಸಿ ತಿರುಗಿ ಕರೆಯುವವರೆಗೆ ಗೂಡಿನ ಹೊರಗೆ ಕಾಯಬೇಕು. ಕೆಲವರು ಅರ್ಧ ದಿನ ಕಾದು ಎದ್ದು ಹೋಗುತ್ತಿದ್ದರು, ಮರುದಿನ ಬರುತ್ತೇನೆಂದು ಇನ್ನೊಂದು ಬಿಲ್ಲೆ ಈಗಲೇ ಕೊಂಡಿಟ್ಟು. ಕೆಲವರು ಹಡಗಿನ ಏಜೆಂಟನಿಗೆ ಮಾಡುತ್ತಿದ್ದರು, ಕೆಲವರು ವೈದ್ಯರಿಗೆ. ಕೆಲವರಿಗೆ ಗೆಳತಿಯರೂ ಇದ್ದರು. ನಿನ್ನ ಬಿಲ್ಲೆಯ ಅಂಗಡಿಯಲ್ಲಿ ಯಂತ್ರ ಹೇಗಿತ್ತೋ ಯಾರಿಗೆ ಗೊತ್ತು. ಯಾಕೆ ಕೇಳುತ್ತೀ?

ರೋಷನ್ ಫೋನನ್ನು ಮಗುಚಿಟ್ಟ. ಈ ಮನುಷ್ಯನನ್ನು ಅವನು ಏಳೆಂಟು ವರ್ಷದಿಂದ ಬಲ್ಲ. ಆ ದಿನ ಜಗಲಿಯಲ್ಲಿ ಕೂತೇ ಕೇಳಬಹುದಿತ್ತು, ಚಹಾ ಆರುವುದರೊಳಗೆ. ಕೇಳಲಿಕ್ಕೆ ಎಂತ ಉಂಟು ಎಂದಿದ್ದ.

ಮೂರು ದಿನ ಅವನು ಗ್ಯಾರೇಜುಗಳಲ್ಲಿ ಸರಿಯಾಗಿ ಮಾತಾಡಲಿಲ್ಲ. ಶೆರ್ವಿನ್ ಅಂಗಡಿಗೆ ಕರೆದು ಚಹಾ ಕುಡಿಸಿ ವಿಷಯ ಬಿಡಿಸಿಕೊಂಡ.

"ಹೋಗಿ ಹೇಳಿಬಿಡು ಮಾರಾಯ. ನೀನು ಎಂತ ಕೊಂದದ್ದಾ? ತಪ್ಪಿದ್ದು. ಬಿಲ್ಲೆ ಕೊಟ್ಟು ಬಾ, ಅವರು ಕಾರ್ಯ ಮಾಡ್ಲಿ."

"ಒಪ್ತಾರಾ?"

"ಒಪ್ಪದೆ ಎಂತ? ಗಂಡ ಒಳ್ಳೆಯವನು ಅಂತ ಹೇಳಲಿಕ್ಕೆ ಹೋಗುದಲ್ವಾ ನೀನು. ಯಾವ ಹೆಂಗಸಿಗೆ ಬೇಡ ಅದು?"

ಆಟಿ ಕಳೆದು ಬಂದ ಸೋಣ ತಿಂಗಳ ಒಂದು ಮೋಡದ ಸಂಜೆ ಅವನು ಮತ್ತೆ ಉಳ್ಳಾಲಕ್ಕೆ ಹೋದ. ಮಳೆ ನಿಂತಿತ್ತು, ಹನಿ ನಿಂತಿರಲಿಲ್ಲ. ಭವ್ಯಶ್ರೀ ಗೇಟಿನಲ್ಲೇ ತಡೆದಳು. ದನಿ ತಗ್ಗಿಸಿ ಹೇಳಿದಳು: ಅಮಾವಾಸ್ಯೆಗೆ ಅಜ್ಜ, ಅಜ್ಜಿ, ದೊಡ್ಡಮಾವ ಎಲ್ಲರಿಗೂ ಎಲೆ ಹಾಕಿ ಬಡಿಸಿದೆವು. ಅಪ್ಪನಿಗೆಂದು ಒಂದು ಎಲೆಯ ಜಾಗ ನಾನು ಖಾಲಿ ಬಿಟ್ಟಿದ್ದೆ. ಅಮ್ಮ ಬಂದು ಎಲೆಗಳನ್ನು ಹತ್ತಿರ ಹತ್ತಿರ ಸರಿಸಿ ಆ ಜಾಗವನ್ನು ಮುಚ್ಚಿದರು. ಆ ದಿನದಿಂದ ಅಂಗಳಕ್ಕೆ ಇಳಿಯುವುದಿಲ್ಲ. ತುಳಸಿಗೆ ನೀರು ಕೂಡ ನಾನೇ ಹಾಕಬೇಕು.

ದೇಯಿ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲಿದ್ದರು. ಕರಿಮಣಿ ಕೊರಳಲ್ಲೇ ಇತ್ತು. ರೋಷನ್ ಹೊಸ್ತಿಲ ಹೊರಗೆ ಕೂತು ಹೇಳಬೇಕಾದ್ದನ್ನು ಹೇಳಿದ. ಎಕ್ಸ್‌ಚೇಂಜಿನವಳ ವಿಷಯ, ಫೋನಿನ ಗೂಡಿನ ಹೊರಗೆ ಕಾಯುವ ಹಡಗಿನವರು, ಮರುದಿನಕ್ಕೆಂದು ಕೊಂಡಿಡುವ ಬಿಲ್ಲೆ. ಹಾಗೆ ಆಗಿರಬಹುದು ದೇಯಕ್ಕ, ಎಂದ. ದೇಯಿ ಕೊನೆಯವರೆಗೂ ಕೇಳಿದರು.

"ಆ ದಿನ ಆಗುದಿಲ್ಲ ಅಂದ್ರಿ. ಇವತ್ತು ಆಗ್ತದೆ ಅಂತೀರಿ. ಯಾವುದು ಸರಿ?"

"ಆಗಬಹುದಿತ್ತು ಅಂತ."

"ಆ ಮೇಡಮ್ಮಿಗೂ ಆಗಬಹುದಿತ್ತು."

ರೋಷನ್ ತಲೆ ತಗ್ಗಿಸಿದ. "ಆಗಬಹುದಿತ್ತು."

"ಹಾಗಾದರೆ ಯಾರಿಗೆ ಮಾಡಲಿಕ್ಕೆ ಹೋದದ್ದು ಅವರು?"

"ಗೊತ್ತಿಲ್ಲ ದೇಯಕ್ಕ."

"ಅಷ್ಟನ್ನು ಆ ದಿನ ಹೇಳಿದ್ರೆ ಸಾಕಿತ್ತಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಗೊತ್ತಿಲ್ಲ ಅನ್ನುವುದರೊಟ್ಟಿಗೆ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಅದು ನನಗೆ ಗಂಡನಿಗಿಂತ ಹೆಚ್ಚು ರೂಢಿ. ನೀವು ಗೊತ್ತಿಲ್ಲ ಅಂದಿದ್ರೆ ನಾನು ಕರೀತಿದ್ದೆ. ಹೇಗಾದರೂ ಕರೀತಿದ್ದೆ. ಕರೀಬೇಕು ಅಂತಲೇ ನಿಮ್ಮನ್ನು ಕರೆಸಿದ್ದು."

"ನನಗೆ ಆ ಬಿಲ್ಲೆ ಬೇಕಿತ್ತು" ಎಂದ ರೋಷನ್. ಅದನ್ನು ಹೇಳಬೇಕೆಂದು ಅವನು ಹೊರಟು ಬಂದಿರಲಿಲ್ಲ.

"ಕಂಡಿತ್ತು ನನಗೆ. ಬೇಕಾದವನು ನಿಜ ಹೇಳ್ಬಾರ್ದು ಅಂತ ಉಂಟಾ? ನಿಜ ಅಂತಲೇ ತಿಳ್ಕೊಂಡೆ." ಅವರು ಗೋಡೆಯ ಕಡೆ ಮಗ್ಗುಲು ಬದಲಿಸಿದರು. "ಈಗ ನೀವು ಎಂತ ಹೇಳಿದ್ರೂ ಕಣ್ಣಿಗೆ ಅದೇ ಕ‌ಟ್ತದೆ. ಗೂಡಿನೊಳಗೆ ನಿಂತಿದ್ದಾರೆ. ಫೋನ್ ಕೈಯಲ್ಲಿ ಉಂಟು. ಯಾರೊಟ್ಟಿಗೋ ನಗ್ತಾ ಮಾತಾಡ್ತಿದ್ದಾರೆ. ಮೊದಲು ಹಾಗೆ ಕಾಣ್ತಿರಲಿಲ್ಲ. ಊರೊಳಗಿನ ಫೋನು, ಗೂಡು, ಎಲ್ಲ ನೀವೇ ಹೇಳಿಕೊಟ್ಟದ್ದು. ನನಗೆ ಅದೆಲ್ಲ ಎಲ್ಲಿ ಗೊತ್ತಿತ್ತು?"

ರೋಷನ್ ಬಿಲ್ಲೆಯನ್ನು ಹೊಸ್ತಿಲ ಮೇಲಿಟ್ಟ.

"ತೆಗೀರಿ ಅದನ್ನು" ಎಂದರು ದೇಯಿ, ತಿರುಗಿ ನೋಡದೆಯೇ. "ಹೊಸ್ತಿಲಲ್ಲಿ ಇಡಬೇಡಿ. ಒಳಗೂ ಇಡಬೇಡಿ."

ಅವನು ತೆಗೆದುಕೊಂಡು ಹೊರಗೆ ಬಂದ. ಅಂಗಳದ ಕೆಸರಿನಲ್ಲಿ ಭವ್ಯಶ್ರೀ ಅವನ ಹಿಂದೆಯೇ ಬಂದಳು. ಗೇಟಿನ ಬಳಿ ಅವನು ಅಂಗೈ ಚಾಚಿದ.

"ಭವ್ಯಕ್ಕ, ನೀವಾದರೂ ಇಟ್ಕೊಳ್ಳಿ. ಮಗಳ ವಿಷಯ ಉಂಟಲ್ಲ. ಅಮ್ಮನಿಗೆ ಗೊತ್ತಾಗದ ಹಾಗೆ ನೀವೇ ಕರೀಬಹುದು. ನೀವು ಅವರ ಮಗಳಲ್ವಾ?"

ಭವ್ಯಶ್ರೀ ಬಿಲ್ಲೆಯನ್ನು ನೋಡಿದಳು. ಅದನ್ನು ಮುಟ್ಟಲು ಬೆರಳು ಮುಂದೆ ಬಂತು, ಅರ್ಧಕ್ಕೆ ನಿಂತಿತು.

"ನಾನು ಹುಟ್ಟಿದ್ದು ಅವರು ಹೋದ ಮೇಲೆ. ಕರೆಯುವಾಗ ಗುರ್ತದ ದನಿ ಬೇಕು, ರೋಷನ್. ಅಮ್ಮ ಕರೆದರೆ ಬರ್ತಿದ್ರು. ನಾನು ಕರೆದರೆ ಯಾರು ಅಂತ ಬರ್ತಾರೆ? ಅವರು ನನ್ನ ದನಿ ಕೇಳಿಯೇ ಇಲ್ಲ."

ಅವಳು ಗೇಟು ಹಾಕಿ ಕೊಂಡಿ ಸಿಕ್ಕಿಸಿದಳು. ತಲೆಯ ಮೇಲೆ ಸೆರಗೆಳೆದು ಒಳಗೆ ಹೋದಳು. ಹನಿ ಮತ್ತೆ ದಪ್ಪವಾಗತೊಡಗಿತು. ಒಳಗಿನಿಂದ ದೇಯಿಯ ದನಿ ಕೇಳಿಸಿತು.

"ಹೋದ್ರಾ?"

"ಹೋದ್ರು ಅಮ್ಮ" ಎಂದಳು ಭವ್ಯಶ್ರೀ.

ಅವನು ಇನ್ನೂ ಗೇಟಿನ ಹೊರಗೇ ನಿಂತಿದ್ದ.